ಕಾಲುಂಗುರದ ಕೆಳಗೆ

1982ರ ಜುಲೈ 14, ಬುಧವಾರ, ಕುಣಿಗಲ್ ಸರದಿ. ತುಮಕೂರಿನ ನಮ್ಮ ಆಸ್ಪತ್ರೆಯಿಂದ ವ್ಯಾನು ಒಂದು ವಾರ ಗುಬ್ಬಿಗೆ ಹೋದರೆ ಮುಂದಿನ ವಾರ ಕುಣಿಗಲ್ಲಿಗೆ ಹೋಗುತ್ತಿತ್ತು. ಸಕ್ಕರೆ ಕಾಯಿಲೆಯವರನ್ನು ಮಾತ್ರ ನೋಡುವ ಕ್ಲಿನಿಕ್ಕು ಅದು. ಡಾಕ್ಟರು, ಹಿರಿಯ ಸಿಸ್ಟರ್, ನಾನು, ಇಷ್ಟೇ ಜನ. ಕುಣಿಗಲ್ಲಿನಲ್ಲಿ ಒಂದು ಛತ್ರದ ಜಗಲಿಯೇ ನಮ್ಮ ಆಸ್ಪತ್ರೆ. ನಾನು ನರ್ಸಿಂಗ್ ಮುಗಿಸಿ ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ.

ಮೊದಲ ಕೆಲಸ ಮೂತ್ರ ಪರೀಕ್ಷೆ. ಗಾಜಿನ ಕೊಳವೆಗೆ ನೀಲಿ ದ್ರಾವಣ ಹಾಕಿ, ಎಂಟು ಹನಿ ಮೂತ್ರ ಬಿಟ್ಟು, ಸ್ಪಿರಿಟ್ ದೀಪದ ಮೇಲೆ ಕುದಿಸಬೇಕು. ನೀಲಿಯೇ ಉಳಿದರೆ ಸಕ್ಕರೆ ಇಲ್ಲ. ಹಸಿರು, ಹಳದಿ, ಕಿತ್ತಳೆ, ಕಡೆಗೆ ಇಟ್ಟಿಗೆ ಕೆಂಪು. ಬಣ್ಣ ಬರೆದುಕೊಂಡ ಮೇಲೆ ಪಾದ. ರೋಗಿಯನ್ನು ಬೆಂಚಿನ ಮೇಲೆ ಕೂರಿಸಿ, ಪಾದವನ್ನು ಸ್ಟೂಲಿನ ಮೇಲಿಡಿಸಿ, ಹಿಮ್ಮಡಿಯಿಂದ ಶುರು ಮಾಡಿ ಬೆರಳ ಸಂದಿಗಳವರೆಗೆ ನೋಡಬೇಕು, ಹತ್ತಿಯ ಎಳೆ ತಾಗಿಸಿ ಸ್ಪರ್ಶ ತಿಳಿಯುತ್ತದೆಯೇ ಎಂದು ಕೇಳಬೇಕು. ಕಾಯಿಲೆ ಕಾಲಿನ ಅರಿವನ್ನು ಕೊಂದುಬಿಡುತ್ತದೆ. ಗಾಯವಾದರೂ ಗೊತ್ತಾಗುವುದಿಲ್ಲ. ಗೊತ್ತಾಗುವ ಹೊತ್ತಿಗೆ ಕಾಲು ಹೋಗಿರುತ್ತದೆ. ಆದ್ದರಿಂದ ಪ್ರತಿ ಸಲವೂ, ಪ್ರತಿಯೊಬ್ಬರದೂ ನೋಡಬೇಕು ಎಂಬುದು ನಿಯಮ.

ಆದರೆ ಪ್ರತಿಯೊಬ್ಬರದೂ ನೋಡುತ್ತಿರಲಿಲ್ಲ. ಗಂಡಸರ ಹತ್ತು ಬೆರಳನ್ನೂ ನೋಡುತ್ತಿದ್ದೆವು. ವಿಧವೆಯರದೂ ಹಾಗೆಯೇ. ಬುರ್ಖಾ ಹಾಕಿದ ಹೆಂಗಸರನ್ನು ಒಳಕೋಣೆಗೆ ಕರೆದು ನಾನೇ ನೋಡುತ್ತಿದ್ದೆ. ಅವರಲ್ಲಿ ಹೆಚ್ಚಿನವರಿಗೆ ಕಾಲುಂಗುರ ಇರುತ್ತಿರಲಿಲ್ಲ. ತುಮಕೂರಿನ ಆಸ್ಪತ್ರೆಗೇ ಬರುವ ಆಫೀಸರುಗಳ ಹೆಂಡಿರದು ತೆಳುವಾದ, ಬಾಯಿ ಬಿಟ್ಟ ಉಂಗುರ. ಸರಿಸಿದರೆ ಸರಿಯುತ್ತಿತ್ತು. ಉಳಿದವರು ಹಳ್ಳಿಯ ಮುತ್ತೈದೆಯರು. ಅವರದು ಮದುವೆಯ ದಿನ ತೊಡಿಸಿದ, ಎರಡು ಮೂರು ಸುತ್ತಿನ ದಪ್ಪ ಬೆಳ್ಳಿ. ಬೆರಳು ದಪ್ಪವಾದ ಹಾಗೆ ಅದು ಮಾಂಸದೊಳಗೆ ಕೂತಿರುತ್ತಿತ್ತು. ಅದನ್ನು ಸರಿಸಲು ಹೋದರೆ ಕಾಲನ್ನೇ ಎಳೆದುಕೊಳ್ಳುತ್ತಿದ್ದರು. ಹಿರಿಯ ಸಿಸ್ಟರ್ ಹೇಳಿಕೊಟ್ಟಿದ್ದು ಇಷ್ಟೇ: "ಮುತ್ತೈದೆ ಕಾಲು ಕಣಮ್ಮ. ಉಂಗುರದ ತಂಟೆಗೆ ಹೋಗಬೇಡ, ಅದೊಂದು ಬೆರಳು ಬಿಟ್ಟು ಮಿಕ್ಕಿದ್ದು ನೋಡು." ಅವರ ಚೀಟಿಯ ಮೇಲೂ 'ಪಾದ ನೋಡಿದೆ' ಎಂದೇ ಬರೆಯುತ್ತಿದ್ದೆವು. ಹೀಗೆ, ಹೊಲದಲ್ಲಿ ಬರಿಗಾಲಲ್ಲಿ ನಡೆಯುವವರ ಕಾಲೇ ಪೂರ್ತಿ ನೋಡದೆ ಉಳಿಯುತ್ತಿತ್ತು.

ಆ ಬುಧವಾರ ಸಾಲಿನ ಕೊನೆಗೆ ಬಂದವಳಿಗೆ ನಲವತ್ತರ ಹತ್ತಿರ ವಯಸ್ಸು. ಗಂಡ ಲಾರಿ ಡ್ರೈವರು, ಕೊಬ್ಬರಿ ಲೋಡು ತೆಗೆದುಕೊಂಡು ಉತ್ತರಕ್ಕೆ ಹೋಗಿದ್ದ. ಜೊತೆಗೆ ಅತ್ತೆ ಬಂದಿದ್ದರು. ಕೊಳವೆಯಲ್ಲಿ ಇಟ್ಟಿಗೆ ಕೆಂಪು ಬಂತು. ಪಾದ ಸ್ಟೂಲಿನ ಮೇಲಿಡಿಸಿದಾಗ ನನಗೆ ಮೊದಲು ತಿಳಿದದ್ದು ವಾಸನೆ. ಬಲಗಾಲಿನ ಎರಡನೆಯ ಬೆರಳು ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು. ಉಂಗುರ ಕಾಣಿಸುತ್ತಲೇ ಇರಲಿಲ್ಲ, ಎರಡು ಕಡೆಯ ಮಾಂಸ ಉಬ್ಬಿ ಅದನ್ನು ನುಂಗಿತ್ತು. ಬುಡದಲ್ಲಿ ಒದ್ದೆಯಾದ ಕಪ್ಪು ಗೆರೆ.

ಹತ್ತಿಯ ಎಳೆ ಬಿಟ್ಟು ಬೆರಳಿನಿಂದಲೇ ಒತ್ತಿದೆ. "ನೋಯ್ತದಾ?"

"ಇಲ್ಲ ಕಣ್ ನರ್ಸಮ್ಮ. ನಿನ್ನೆ ರಾಗಿ ಹೊಲ್ದಾಗೆ ಇದ್ದೆ, ಏನೂ ಇಲ್ಲ."

ನೋವಿದ್ದಿದ್ದರೆ ನನಗೆ ಅಷ್ಟು ಹೆದರಿಕೆ ಆಗುತ್ತಿರಲಿಲ್ಲ. ಡಾಕ್ಟರನ್ನು ಕರೆದೆ. ಅವರು ಪಾದದ ಮೇಲಿನ ಕೆಂಪನ್ನು ನೋಡಿ, ಮುಟ್ಟಿ, "ಇವರನ್ನ ವ್ಯಾನಲ್ಲೇ ಕರ್ಕೊಂಡು ಹೋಗೋಣ" ಎಂದರು. ಅತ್ತೆ ಬುತ್ತಿಗಂಟು ಎತ್ತಿಕೊಂಡು ವ್ಯಾನು ಹತ್ತಿದರು. ಹೆಬ್ಬೂರು ದಾಟಿದ ಮೇಲೆ ನನ್ನನ್ನು ಕೇಳಿದರು: "ಸೂಜಿ ಹಾಕಿ ಕಳಿಸ್ತೀರಾ, ಇಲ್ಲ ಮಲಗಿಸ್ಕೋತೀರಾ? ಮನೆಲಿ ಹಸು ಐತೆ."

ವಾರ್ಡಿನಲ್ಲಿ ಮಲಗಿಸಿ ಇನ್ಸುಲಿನ್ನು, ಪೆನಿಸಿಲಿನ್ ಶುರು ಮಾಡಿದೆವು. ಪಾದದ ಕೆಂಪು ಎಲ್ಲಿ ಮುಗಿಯುತ್ತದೋ ಅಲ್ಲಿ ಡಾಕ್ಟರು ಬಾಲ್‌ಪೆನ್ನಿನಿಂದ ಒಂದು ಗೆರೆ ಎಳೆದರು. "ಇದು ದಾಟುತ್ತಾ ಇಲ್ವಾ ನೋಡ್ತಿರು. ದಾಟಿದರೆ ಹೇಳು." ಆಕೆಯ ಕಾಲಿಗೆ ಬಂದಿರುವುದೇನು ಎಂದು ಅವರು ಬಿಡಿಸಿ ಹೇಳಿದರು. ಉಂಗುರ ರಕ್ತ ಹರಿಯುವುದನ್ನು ಕಟ್ಟಿಹಾಕಿದೆ. ಅದು ಇರುವವರೆಗೆ ಔಷಧಿ ಬೆರಳನ್ನು ಮುಟ್ಟುವುದಿಲ್ಲ. ಉಂಗುರ ಕತ್ತರಿಸಿ ಕೀವು ತೆಗೆದರೆ ಪಾದ ಉಳಿಯಬಹುದು. ಬಿಟ್ಟರೆ ಬೆರಳು, ಆಮೇಲೆ ಪಾದ, ಆಮೇಲೆ ಮಂಡಿಯ ಕೆಳಗೆ.

ಗುರುವಾರ ಬೆಳಿಗ್ಗೆ ಕೆಂಪು ಗೆರೆ ದಾಟಿತ್ತು. ಡಾಕ್ಟರು ಎರಡನೆಯ ಗೆರೆ ಎಳೆದು ಉಂಗುರ ಕತ್ತರಿಸುವ ಮಾತೆತ್ತಿದರು. ಆಕೆ ಹಾಸಿಗೆಯಲ್ಲಿ ಎದ್ದು ಕೂತು ಎರಡು ಕೈಯಲ್ಲೂ ಪಾದ ಹಿಡಿದುಕೊಂಡಳು.

"ಬ್ಯಾಡ ಸ್ವಾಮಿ. ಅವ್ರು ರೋಡ್ ಮೇಲವ್ರೆ. ಲಾರಿ ಮೇಲವ್ರೆ. ಮನೆಲಿದ್ದಿದ್ರೆ ಬ್ಯಾರೆ ಮಾತು."

"ಇದೆಲ್ಲ ಮೂಢನಂಬಿಕೆ ಕಣಮ್ಮ. ಕಾಲು ಹೋದ್ರೆ ಲಾರಿಯವನು ಬಂದು ಏನು ಮಾಡ್ತಾನೆ?"

ಅತ್ತೆ ಮೂಲೆಯಿಂದ ಎದ್ದು ಬಂದರು. "ಡಾಕ್ಟರಪ್ಪ, ಅವ್ಳಿಗೆ ಎರಡು ಕಾಲವೆ. ನನ್ಗಿರೋನು ಒಬ್ನೇ ಮಗ. ಗಂಡ ಬದುಕಿರೋವಾಗ ಉಂಗ್ರ ಕತ್ತರಿಸೋ ಮನೆಯಲ್ಲ ನಮ್ದು."

ಡಾಕ್ಟರು ಕೋಪದಲ್ಲಿ ಹೊರಟುಹೋದರು. ಬಾಗಿಲಾಚೆ ನನಗೆ ಹೇಳಿದರು: "ಒಪ್ಪಿಗೆ ಇಲ್ಲದೆ ನಾನು ಮುಟ್ಟಲ್ಲ. ನಾಳೆಯೂ ಒಪ್ಪದಿದ್ರೆ ಬೆಂಗಳೂರಿಗೆ ಬರೆದುಕೊಡ್ತೀನಿ, ಅಲ್ಲಿ ಕಾಲೇ ತೆಗೀತಾರೆ." ನನಗೆ ಆ ಹೆಂಗಸರ ಮೇಲೆ ಸಿಟ್ಟು ಬರಲಿಲ್ಲ. ನಮ್ಮ ಅಮ್ಮನ ಉಂಗುರ ಬಟ್ಟೆ ಒಗೆಯುವಾಗ ಜಾರಿ ಬಿದ್ದರೆ ಅಪ್ಪ ಮನೆಗೆ ಬರುವವರೆಗೂ ಅಮ್ಮ ಬಾಗಿಲಲ್ಲೇ ನಿಂತಿರುತ್ತಿದ್ದಳು. ಪಾಠದಲ್ಲಿ ಓದಿದ್ದು ಬೇರೆ, ಬೆನ್ನಿನಲ್ಲಿ ಹರಿಯುವ ಚಳಿ ಬೇರೆ.

ಕತ್ತರಿಸದೆ ತೆಗೆಯಲು ಆಗುತ್ತದೆಯೇ ಎಂದು ನೋಡಿದೆ. ಸೋಪು ಹಚ್ಚಿ, ನೂಲಿನ ಒಂದು ತುದಿಯನ್ನು ಉಂಗುರದ ಕೆಳಗೆ ತೂರಿಸಿ, ಉಳಿದದ್ದನ್ನು ಬೆರಳಿಗೆ ಒತ್ತಾಗಿ ಸುತ್ತಿ, ಬುಡದಿಂದ ಬಿಚ್ಚುತ್ತ ಬಂದರೆ ಉಂಗುರ ನೂಲಿನ ಮೇಲೆ ಜರುಗಬೇಕು. ಇದಕ್ಕೆ ಇಬ್ಬರೂ ಒಪ್ಪಿದರು. ಕತ್ತರಿಸುವುದಲ್ಲವಲ್ಲ. ಆದರೆ ಎರಡನೆಯ ಸುತ್ತಿಗೇ ಚರ್ಮ ನೆನೆದ ಕಾಗದದಂತೆ ಕಿತ್ತು ಬಂತು. ಕಪ್ಪು ನೀರು ಹರಿಯಿತು. ಆಕೆ ನನ್ನ ಮುಖ ನೋಡುತ್ತಿದ್ದಳೇ ಹೊರತು ಕಾಲನ್ನಲ್ಲ. ಅವಳಿಗೆ ನೋವೇ ಆಗುತ್ತಿರಲಿಲ್ಲ, ಏನಾಯಿತೆಂದು ನನ್ನ ಮುಖದಿಂದಲೇ ತಿಳಿಯಬೇಕಿತ್ತು. ನೂಲು ಬಿಚ್ಚಿ ಬ್ಯಾಂಡೇಜು ಮಾಡಿದೆ. ಸಂಜೆ ಕೆಂಪು ಎರಡನೆಯ ಗೆರೆಯನ್ನೂ ಮುಟ್ಟಿತ್ತು.

ಶುಕ್ರವಾರ ಬೆಳಿಗ್ಗೆ ಬೇಗ ಎದ್ದು ಪೇಟೆಯ ಒಬ್ಬ ಅಕ್ಕಸಾಲಿಯ ಅಂಗಡಿಗೆ ಹೋದೆ. ಉಂಗುರ ತೊಡಿಸುವ ಆಚಾರಿಯೇ ಬಂದು ಹೇಳಿದರೆ ಅತ್ತೆ ಒಪ್ಪಬಹುದು ಎಂಬ ಆಸೆ. ಅವರು ಕುಲುಮೆಯ ಮುಂದಿನಿಂದ ತಲೆ ಎತ್ತಲಿಲ್ಲ.

"ಗಂಡ ಹೋದವರದು ತೆಗೆದಿದೀನಿ. ಇರೋವರದು ತೊಡಿಸಿದೀನಿ. ನೀವು ಹೇಳೋದು ಎರಡೂ ಅಲ್ಲ. ಆಷಾಢ ಬೇರೆ, ಅಮಾವಾಸ್ಯೆ ಹತ್ತಿರ. ನನಗೂ ಹೆಂಡ್ತಿ ಮಕ್ಕಳಿದಾರೆ ಸಿಸ್ಟರ್."

ವಾಪಸು ನಡೆಯುತ್ತ ಯೋಚಿಸಿದೆ. ಇದುವರೆಗೆ ನಾವೆಲ್ಲ ಅತ್ತೆಗೆ ಹೇಳುತ್ತಲೇ ಇದ್ದೆವು. ಅವರನ್ನು ಏನನ್ನೂ ಕೇಳಿರಲಿಲ್ಲ. ವಾರ್ಡಿಗೆ ಬಂದು ಅವರ ಪಕ್ಕ ನೆಲದ ಮೇಲೆ ಕೂತೆ.

"ಅಜ್ಜಿ, ಕೆಲಸ ಮಾಡೋವಾಗ ಉಂಗ್ರ ತಾನಾಗೇ ಮುರಿದುಹೋದ್ರೆ ನಿಮ್ಮ ಕಡೆ ಏನ್ ಮಾಡ್ತೀರ?"

"ಮುರೀತದೆ. ನಂದೂ ಒಂದ್ಸಲ ಮುರೀತು, ರಾಗಿ ಕಲ್ಲು ಬಿದ್ದು."

"ಆಗ?"

"ಆಗ ಅರಿಶಿನದಾಗೆ ದಾರ ನೆನೆಸಿ ಬೆರಳಿಗೆ ಕಟ್ಕೊಂಡಿದ್ದೆ. ಸಂತೆಗೆ ಹೋಗಿ ಹೊಸಾದು ತರೋಗಂಟ."

"ಅದು ತಪ್ಪಲ್ವಾ?"

"ತಪ್ಪು ಯಾಕಾದಾತು? ಕಾಲು ಬರಿದಾಗ್ಬಾರ್ದು, ಅಷ್ಟೇ." ಹೇಳಿದ ಮೇಲೆ ಅವರಿಗೇ ಏನೋ ಹೊಳೆಯಿತು. ಸೊಸೆಯ ಕಾಲಿನ ಕಡೆ ನೋಡಿದರು. "ದಾರ ಮೊದ್ಲು ಕಟ್ಬೇಕು," ಎಂದರು. "ಕತ್ರಿ ಆಮೇಲೆ. ಒಂದು ಗಳಿಗೆನೂ ಬರಿದಾಗ್ಬಾರ್ದು."

"ಆ ಬೆರಳಿಗೆ ದಾರ ಕಟ್ಟೋಕೆ ಆಗಲ್ಲ ಅಜ್ಜಿ. ಕಟ್ಟಿದ್ರೆ ಇನ್ನೂ ರಕ್ತ ನಿಲ್ತದೆ."

ಇದಕ್ಕೆ ಅವರು ಒಪ್ಪುತ್ತಾರೆಂಬ ಧೈರ್ಯ ನನಗಿರಲಿಲ್ಲ. ಅವರು ಸೊಸೆಯನ್ನು ಕೇಳಿದರು, "ಏನ್ಲೇ, ಪಕ್ಕದ ಬೆರಳಿಗೆ ಕಟ್ಟಲಾ?" ಆಕೆ ಅಳತೊಡಗಿದಳು. "ಅಳ್ಬ್ಯಾಡ ಬುಡು. ಕಾಲು ಒಂದೇ ತಾನೆ. ಪಕ್ಕದ್ದಕ್ಕೇ ಕಟ್ತೀನಿ. ಏನಾರ ಆದ್ರೆ ನನ್ ತಲೆ ಮ್ಯಾಲೆ ಇರ್ಲಿ."

ಡಾಕ್ಟರಿಗೆ ಹೇಳಿದೆ. ಅವರು ನಕ್ಕು, ಮತ್ತೆ ನಗು ನಿಲ್ಲಿಸಿ, "ಅರಿಶಿನದ ಪುಡಿ ಗಾಯಕ್ಕೆ ಬೀಳದ ಹಾಗೆ ನೋಡ್ಕೋ," ಎಂದರು. ಆದರೆ ಕತ್ತರಿಸುವುದು ಹೇಗೆ? ಮೂಳೆ ಕತ್ತರಿಸುವ ಇಕ್ಕಳ ಹಾಕಿದರೆ ಬೆಳ್ಳಿಯ ಜೊತೆ ಬೆರಳೂ ಜಜ್ಜಿಹೋಗುತ್ತದೆ ಎಂದರು. ಸಣ್ಣ ಹಲ್ಲಿನ ಗರಗಸ ಬೇಕಿತ್ತು. ಆಸ್ಪತ್ರೆಯ ಗಡಿಯಾರಗಳನ್ನು ರಿಪೇರಿ ಮಾಡುವ ಸಾಹೇಬರ ನೆನಪಾಯಿತು. ಅವರ ಅಂಗಡಿಗೆ ಹೋದಾಗ ಮಧ್ಯಾಹ್ನದ ನಮಾಜಿಗೆ ಹೊರಟಿದ್ದರು. ಎಲ್ಲ ಕೇಳಿಸಿಕೊಂಡು, "ಮನುಷ್ಯರ ಮೇಲೆ ನಾನು ಯಾವತ್ತೂ ಕೆಲಸ ಮಾಡಿಲ್ಲ ಅಮ್ಮ" ಎಂದರು. ಆಮೇಲೆ ಅಂಗಡಿಗೆ ಬೀಗ ಹಾಕುತ್ತ, "ನಮಾಜ್ ಮುಗಿಸಿ ಬರ್ತೀನಿ."

ಬಂದರು. ನಾನು ಅವರ ಗರಗಸ, ಅರ, ಚಿಮುಟ ಎಲ್ಲ ಕುದಿಯುವ ನೀರಿಗೆ ಹಾಕಿದೆ. "ತುಕ್ಕು ಹಿಡಿತದಲ್ಲಮ್ಮ!" ಎಂದು ಗೊಣಗಿದರು. ಹಿರಿಯ ಸಿಸ್ಟರ್ ಚಹಾ ತರಿಸಲು ಹೋದಾಗ "ರೋಜಾ ಇದೀನಿ, ಉಪವಾಸ" ಎಂದು ಕೈ ಆಡಿಸಿದರು. ಅವರ ತುಟಿ ಒಣಗಿತ್ತು. ಹಳೆಯ ಗಡಿಯಾರದ ಸ್ಪ್ರಿಂಗಿನ ಒಂದು ತುಂಡನ್ನು ಅವರು ತಂದಿದ್ದರು, ಕಾಗದಕ್ಕಿಂತ ತೆಳುವಾದ ಉಕ್ಕು. ಅದನ್ನು ಉಂಗುರಕ್ಕೂ ಮಾಂಸಕ್ಕೂ ನಡುವೆ ತೂರಿಸಿದರೆ ಗರಗಸ ಜಾರಿದರೂ ಬೆರಳಿಗೆ ತಾಗುವುದಿಲ್ಲ.

ಅತ್ತೆ ಅರಿಶಿನದ ದಾರವನ್ನು ಮೂರನೆಯ ಬೆರಳಿಗೆ ಸಡಿಲವಾಗಿ ಕಟ್ಟಿ, ಅಲ್ಲಿ ನಿಲ್ಲಲಾರದೆ ಕಿಟಕಿಯ ಹತ್ತಿರ ಹೋಗಿ ರಸ್ತೆಯ ಕಡೆ ಮುಖ ಮಾಡಿ ನಿಂತರು. ನಾನು ಪಾದ ಹಿಡಿದುಕೊಂಡೆ. ಡಾಕ್ಟರು ಬ್ಯಾಟರಿ ಹಿಡಿದರು. ಗರಗಸದ ಬಿಸಿಗೆ ಬೆಳ್ಳಿ ಕಾಯಬಾರದೆಂದು ನಡುನಡುವೆ ಕುದಿಸಿ ಆರಿಸಿದ ನೀರನ್ನು ಹನಿ ಹನಿಯಾಗಿ ಬಿಡುತ್ತಿದ್ದೆ.

"ತಂಗೀ, ನನ್ನ ಕಡೆ ನೋಡ್ಬೇಡ. ಮೇಲೆ ಫ್ಯಾನ್ ನೋಡು," ಎಂದರು ಸಾಹೇಬರು.

"ಅದು ತಿರುಗ್ತಾನೇ ಇಲ್ಲವಲ್ಲಣ್ಣ," ಎಂದಳು ಆಕೆ. ಯಾರಿಗೂ ನಗು ಬರಲಿಲ್ಲ.

ಎರಡು ಸುತ್ತಿನ ಉಂಗುರ, ಆದ್ದರಿಂದ ಎರಡು ಕಡೆ ಕೊಯ್ಯಬೇಕಾಯಿತು. ಎರಡನೆಯದು ಬಿಟ್ಟಾಗ ಟಕ್ ಎಂದು ಸದ್ದಾಯಿತು. ಕಿಟಕಿಯ ಬಳಿಯಿಂದ ಅತ್ತೆ ತಿರುಗದೆಯೇ "ಆಯ್ತಾ?" ಎಂದರು. ಉಂಗುರವಿದ್ದ ಜಾಗದಲ್ಲಿ ಮೂಳೆ ಕಾಣುವಷ್ಟು ಆಳದ ಕಾಲುವೆಯಾಗಿತ್ತು. ಡಾಕ್ಟರು ತಕ್ಷಣ ಕೀವು ತೆಗೆಯಲು ಶುರು ಮಾಡಿದರು. ಸಾಹೇಬರು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತುಬಿಟ್ಟರು.

ಗಂಡ ಭಾನುವಾರ ಬರಬೇಕಿತ್ತು. ಅಂದಿನಿಂದ ನನ್ನ ಡೈರಿಯಲ್ಲಿ ದಿನಕ್ಕೆ ಎರಡು ಸಾಲು ಬೀಳತೊಡಗಿದವು, ಒಂದು ಕಾಲಿನದು, ಒಂದು ಲಾರಿಯದು. ಶನಿವಾರ ಕೆಂಪು ಇದ್ದಲ್ಲೇ ನಿಂತಿತು. ಭಾನುವಾರ ಎರಡನೆಯ ಗೆರೆಯಿಂದ ಒಂದು ಬೆರಳಗಲ ಹಿಂದೆ ಸರಿಯಿತು. ಲಾರಿ ಬರಲಿಲ್ಲ. ಸೋಮವಾರ ಪಾದದ ಊತ ಇಳಿಯಿತು, ಕೊಳವೆಯ ಬಣ್ಣ ಹಳದಿಗೆ ಬಂತು. ಲಾರಿ ಬರಲಿಲ್ಲ. ಡ್ಯೂಟಿ ಮುಗಿದ ಮೇಲೆ ಲಾರಿ ಆಫೀಸಿಗೆ ನಡೆದುಹೋಗಿ ಕೇಳಿದೆ.

"ನಾಗಪುರ ದಾಟಿದ್ದು ಗೊತ್ತು. ಆಮೇಲೆ ಸುದ್ದಿ ಇಲ್ಲ," ಎಂದ ಗುಮಾಸ್ತ. "ನೀವು ಅವನ ಕಡೆಯವರಾ?"

ಆ ಮನುಷ್ಯನನ್ನು ನಾನು ನೋಡಿಯೇ ಇರಲಿಲ್ಲ. ಅವನಿಗೇನಾದರೂ ಆದರೆ ಅತ್ತೆ ಸೊಸೆಯ ಗತಿ ಏನು ಎಂಬುದು ಒಂದು ಭಯ. ಇನ್ನೊಂದು ಭಯ ಅದಕ್ಕಿಂತ ದೊಡ್ಡದಾಗಿ ಬೆಳೆಯುತ್ತಿತ್ತು. ಈ ಸುದ್ದಿ ಸಂತೆಯಿಂದ ಸಂತೆಗೆ ಹೋಗುತ್ತದೆ. ತುಮಕೂರಿನ ಆಸ್ಪತ್ರೆಯಲ್ಲಿ ಉಂಗುರ ಕತ್ತರಿಸಿದರು, ಗಂಡ ದಾರಿಯಲ್ಲೇ ಹೋದ. ಆಮೇಲೆ ಕುಣಿಗಲ್ಲಿನಲ್ಲಾಗಲಿ ಗುಬ್ಬಿಯಲ್ಲಾಗಲಿ ಯಾವ ಹೆಂಗಸು ನಮ್ಮ ಸ್ಟೂಲಿನ ಮೇಲೆ ಕಾಲಿಟ್ಟಾಳು? ಕಪ್ಪಾದ ಬೆರಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮನೆಯಲ್ಲೇ ಕೂರುತ್ತಾರೆ.

ಮಂಗಳವಾರ ಭೀಮನ ಅಮಾವಾಸ್ಯೆ. ವಾರ್ಡಿಗೆ ಬಂದ ಹೆಂಗಸರೆಲ್ಲ ಗಂಡಂದಿರ ಪೂಜೆ ಮುಗಿಸಿ, ಕೈಗೆ ದಾರ ಕಟ್ಟಿಸಿಕೊಂಡು ಬಂದಿದ್ದರು. ಬೆರಳಿನ ಸತ್ತ ತುದಿಯನ್ನು ಅಂದು ತೆಗೆಯೋಣವೆಂದು ಡಾಕ್ಟರು ಹೇಳಿದ್ದರು. ಆಕೆಯ ಮುಖ ನೋಡಿ ಅವರೇ "ನಾಳೆ ಮಾಡೋಣ" ಎಂದರು.

"ನರ್ಸಮ್ಮ," ಎಂದಳು ನಾನು ಸೂಜಿ ಹಾಕುವಾಗ. "ಇವತ್ತು ಎಲ್ರೂ ಗಂಡನ ಆಯಸ್ಸು ಬೇಡ್ಕೋತಾರೆ. ನಾನು ಇಲ್ಲಿ ಕಾಲು ಚಾಚ್ಕೊಂಡು ಮಲಗಿವ್ನಿ. ಕಾಲು ವಾಸಿ ಆಯ್ತಾ ಬರ್ತೈತೆ ಅಂತ ನೀವು ಹೇಳಿದಷ್ಟೂ ನನಗೆ ದಿಗಿಲಾಯ್ತೈತೆ."

ಅತ್ತೆ ಅಂದು ಊಟ ಮಾಡಲಿಲ್ಲ. ಬುಧವಾರ ವ್ಯಾನು ಗುಬ್ಬಿಗೆ ಹೊರಡುವ ಮೊದಲೇ ಡಾಕ್ಟರು ಬೆರಳಿನ ತುದಿ ತೆಗೆದರು. ಬುಡ ಉಳಿಯಿತು, ಪಾದ ಉಳಿಯಿತು. ಲಾರಿ ಆಫೀಸಿನ ಗುಮಾಸ್ತ ನನ್ನನ್ನು ದೂರದಿಂದಲೇ ಕಂಡು ತಲೆ ಅಲ್ಲಾಡಿಸಿದ.

ಗುರುವಾರ ಬೆಳಿಗ್ಗೆ ನಾನು ಬ್ಯಾಂಡೇಜು ಬಿಚ್ಚುತ್ತಿದ್ದಾಗ ವಾರ್ಡಿನ ಬಾಗಿಲಲ್ಲಿ ಒಬ್ಬ ಗಂಡಸು ನಿಂತ. ತಲೆಯಿಂದ ಪಾದದವರೆಗೆ ಕೆಂಧೂಳು, ಕೈಯಲ್ಲಿ ಕಿತ್ತಳೆ ಹಣ್ಣಿನ ಚೀಲ. ಅತ್ತೆ ಎದ್ದು ಹೋಗಿ ಅವನ ಎದೆಗೆ ಎರಡು ಕೈಯಲ್ಲೂ ಗುದ್ದಿದರು.

"ಎಲ್ಲಿ ಸತ್ತಿದ್ಯೋ! ಎಲ್ಲಿ ಸತ್ತಿದ್ಯೋ ನೀನು!"

"ಬುಡವ್ವ, ಜನ ನೋಡ್ತಾವ್ರೆ. ಗೇರ್‌ಬಾಕ್ಸ್ ಹೋಯ್ತು. ಸಾಮಾನು ಬರೋಗಂಟ ಕಾಡ್ನಾಗೆ ಕುಂತಿದ್ವಿ."

"ಯಾವತ್ತು ಹೋಯ್ತು?"

"ಶುಕ್ರವಾರ."

ಅತ್ತೆಯ ಕೈ ನಿಂತುಹೋಯಿತು. "ಎಷ್ಟೊತ್ನಲ್ಲಿ?"

"ಊಟ ಆದ್ಮೇಲೆ. ಯಾಕವ್ವ?"

ನನ್ನ ಕೈಯಲ್ಲಿದ್ದ ಬ್ಯಾಂಡೇಜಿನ ಸುರುಳಿ ಕೆಳಗೆ ಬಿದ್ದು ಮಂಚದ ಕೆಳಗೆ ಬಿಚ್ಚಿಕೊಂಡು ಹೋಯಿತು. ಹಾಸಿಗೆಯಲ್ಲಿದ್ದವಳು ಕಣ್ಣು ಮುಚ್ಚಿಕೊಂಡಳು. ಇನ್ನೊಂದು ಮಾತು ಬಿದ್ದರೆ ಎಲ್ಲ ಮುಗಿದಂತೆ ಎನಿಸಿತು. ಅತ್ತೆ ಮೆಲ್ಲಗೆ ಕೇಳಿದರು, "ಲಾರಿ ಎಲ್ಲಿತ್ತು ಆಗ?"

"ಘಾಟು ಇಳಿಯೋಕೆ ಇನ್ನೊಂದು ಮೈಲಿ ಇತ್ತು. ಘಾಟ್‌ನಾಗೆ ಹೋಗಿದ್ರೆ ನಾನು ಈಗ ಇಲ್ಲಿ ನಿಂತಿರ್ತಿರ್ಲಿಲ್ಲ."

ಅತ್ತೆ ಸೊಸೆಯ ಕಾಲಿನ ಹತ್ತಿರ ಬಂದು, ಕೊಳೆಯಾಗಿ ಬಣ್ಣ ಹೋದ ಆ ದಾರವನ್ನು ಒಂದು ಬೆರಳಿಂದ ಮುಟ್ಟಿದರು. "ಇದೇ ತಡೆದದ್ದು," ಎಂದರು. "ಕತ್ರಿಗೆ ಮುಂಚೆ ಕಟ್ಟಿದ್ವಲ್ಲ, ಅದಕ್ಕೇ ಲಾರಿ ಘಾಟಿನ ಮ್ಯಾಲೇ ನಿಂತೋಯ್ತು."

ಅವರ ಲೆಕ್ಕ ಯಾವ ಕಡೆಗಾದರೂ ವಾಲಬಹುದಿತ್ತು. ನಾನು ಏನನ್ನೂ ತಿದ್ದಲು ಹೋಗಲಿಲ್ಲ. ಅವನಿಗೆ ಇದ್ಯಾವುದೂ ಅರ್ಥವಾಗಿರಲಿಲ್ಲ. ಹೆಂಡತಿಯ ಮೊಟುಕಾದ ಬೆರಳನ್ನೇ ನೋಡುತ್ತಿದ್ದ. "ಇಷ್ಟೆಲ್ಲ ಆಗೋಗಂಟ ಸುಮ್ಕಿದ್ಯಾ?" ಎಂದ. "ಉಂಗ್ರ ಅಲ್ವೇನೇ, ನನ್ನೇನು ಕತ್ತರಿಸ್ತಿದ್ರಾ?"

28ನೇ ತಾರೀಖು ಬುಧವಾರ ಮತ್ತೆ ಕುಣಿಗಲ್. ಡಾಕ್ಟರ ಒಪ್ಪಿಗೆ ಪಡೆದು ಸೋಪು, ನೂಲು, ಅರಿಶಿನದಲ್ಲಿ ನೆನೆಸಿ ಒಣಗಿಸಿದ ದಾರದ ಉಂಡೆ ತೆಗೆದುಕೊಂಡು ಹೋಗಿದ್ದೆ. ಯಾರ ಉಂಗುರ ಜಾರುತ್ತದೋ ಅವರದನ್ನು ಮೊದಲು ನೋಡುವುದು, ಜಾರದವರನ್ನು ತುಮಕೂರಿಗೆ ಕರೆಸುವುದು ಎಂದು ನಿಶ್ಚಯ. ಜಗಲಿಯ ಮೇಲೆ ಏಳು ಜನ ಮುತ್ತೈದೆಯರು. ವಿಷಯ ಹೇಳಿದೆ. ಏಳೂ ಜನ ಕಾಲನ್ನು ಸೀರೆಯೊಳಗೆ ಎಳೆದುಕೊಂಡರು. ಒಬ್ಬಳು ಎದ್ದೇಬಿಟ್ಟಳು.

ಆಗ, ಎರಡು ದಿನದ ಹಿಂದೆ ವಾರ್ಡಿನಿಂದ ಮನೆಗೆ ಕಳಿಸಿದ್ದ ಆಕೆ ಕೋಲೂರಿಕೊಂಡು ಬಂದಳು, ಹಿಂದೆ ಗಂಡ. ಬ್ಯಾಂಡೇಜು ಬದಲಾಯಿಸಲು ಬಂದವಳು ಜಗಲಿಯ ಮೇಲೆ ನಿಂತು ಎಲ್ಲ ಕೇಳಿಸಿಕೊಂಡಳು. ಕಾಲನ್ನು ಮುಂದೆ ಚಾಚಿ ತೋರಿಸಿದಳು. ಆಮೇಲೆ ಗಂಡನ ತೋಳು ಹಿಡಿದು ಮುಂದಕ್ಕೆ ನೂಕಿದಳು.

"ನೋಡ್ಕಳ್ರವ್ವ. ಇವ್ರೇ ನಮ್ಮೋರು. ಉಂಗ್ರ ಕತ್ತರಿಸಿ ಇವತ್ತಿಗೆ ಹನ್ನೆರಡು ದಿನ."

ಆತ ಎಲ್ಲಿ ನೋಡಬೇಕೆಂದು ತಿಳಿಯದೆ ಬೀಡಿ ತೆಗೆದು, ಡಾಕ್ಟರನ್ನು ಕಂಡು ಮತ್ತೆ ಜೇಬಿಗಿಟ್ಟುಕೊಂಡ. "ನಿಂತ್ಕಳಿ, ಅಲ್ಲಾಡ್ಬ್ಯಾಡಿ," ಎಂದಳು ಹೆಂಡತಿ.

ಹೆಂಗಸರು ಅವನನ್ನು ಎತ್ತು ನೋಡುವ ಹಾಗೆ ನೋಡಿದರು. ಯಾರೋ "ಒಸಿ ಬಡವಾಗವ್ನೆ" ಎಂದರು. ಇನ್ಯಾರೋ "ಲಾರಿಯೋರೆಲ್ಲ ಹಂಗೇ" ಎಂದರು. ಕಡೆಗೆ, ಎದ್ದು ನಿಂತಿದ್ದವಳು ಬಂದು ಬೆಂಚಿನ ಮೇಲೆ ಕೂತು, ಮೂರನೆಯ ಬೆರಳಿಗೆ ತಾನೇ ದಾರ ಕಟ್ಟಿಕೊಂಡು, ಪಾದವನ್ನು ಸ್ಟೂಲಿನ ಮೇಲೆ ಇಟ್ಟಳು. 

"ನಮ್ಮೋರು ಮನೇಲಿ ಮಲಗವ್ರೆ," ಎಂದಳು. "ಊಟಕ್ಕೆ ಏಳೋದ್ರೊಳ್ಗೆ ಮತ್ತೆ ಹಾಕ್ಕೊಂಡ್ಬುಡ್ತೀನಿ. ಬೇಗ ನೋಡವ್ವ."

ಸೋಪು ಹಚ್ಚಿ ಉಂಗುರ ಜಾರಿಸಿದೆ. ಬೇಗ ನೋಡಿದೆ. ಇಪ್ಪತ್ತು ವರ್ಷ ಬಿಸಿಲು ಕಾಣದ ಚರ್ಮ ಬೆಳ್ಳಗೆ, ಒಣಗಿ, ಗಾಯವಿಲ್ಲದೆ ಇಡಿಯಾಗಿತ್ತು. ಹೇಳಲು ತಲೆ ಎತ್ತಿದರೆ, ಆಕೆ ನನ್ನ ಮಾತಿಗೆ ಕಾಯದೆ ಆಗಲೇ ಉಂಗುರಕ್ಕಾಗಿ ಕೈ ಚಾಚಿದ್ದಳು.